20 ತಿಂಗಳ ಮಾರ್ವಾಡಿ ಕುದುರೆಯ ಹೆಣ್ಣುಮರಿಗೆ ಮೊಣಕಾಲಿನ ಮೇಲೆ ಗಂಟು: ಸುತ್ತು ಓಡಿಸುವುದು ನಿಲ್ಲಿಸಬೇಕೆ?

ಕೆರೆಏರಿ:

ಮಾರ್ವಾಡಿ ತಳಿಯ ಕುದುರೆ, ಹೆಣ್ಣುಮರಿ, 20 ತಿಂಗಳು. ಇರುವುದು ತುಮಕೂರು ಕಡೆಯ ಕೆಂಪುಮಣ್ಣಿನ ತೋಟದಲ್ಲಿ. ಎದೆಸುತ್ತು 152 ಸೆಂ.ಮೀ., ಭುಜದ ತುದಿಯಿಂದ ಪೃಷ್ಠದ ತುದಿವರೆಗೆ 138 ಸೆಂ.ಮೀ.

ಎರಡೂ ಮುಂಗಾಲಲ್ಲಿ, ಮೊಣಕಾಲಿಗೆ ನೇರ ಮೇಲೆ, ಒಳಬದಿಗೆ ಗಟ್ಟಿ ಉಬ್ಬು ಬಂದಿದೆ. ಎಡಗಾಲಿನದು ದೊಡ್ಡದು, ಮುಟ್ಟಿದರೆ ಬೆಚ್ಚಗಿದೆ, ಒತ್ತಿದರೆ ಕಾಲು ಎಳೆದುಕೊಳ್ಳುತ್ತದೆ. ನೇರ ನಡೆಸಿದರೆ ಕುಂಟು ಕಾಣುವುದಿಲ್ಲ. ಸುತ್ತಿನಲ್ಲಿ ಎಡಕ್ಕೆ ತಿರುಗುವಾಗ ಮಾತ್ರ ಹೆಜ್ಜೆ ಮೊಟಕಾಗುತ್ತದೆ.

ಆರು ವಾರದಿಂದ ದಿನಾ ಬೆಳಿಗ್ಗೆ 30 ನಿಮಿಷ, 5 ಮೀಟರ್ ಹಗ್ಗದಲ್ಲಿ ಸುತ್ತು ಓಡಿಸುತ್ತಿದ್ದಾರೆ. ಬಹುಪಾಲು ಟ್ರಾಟ್ (ದುಡುಕಿ ನಡೆ), ಕೊನೆಗೆ ಸ್ವಲ್ಪ ಕ್ಯಾಂಟರ್ (ಅದಕ್ಕಿಂತ ವೇಗದ ಓಟ). ಉಳಿದ ಹೊತ್ತು ಅಗಾಡಿ-ಪಿಛಾಡಿ (ಮುಂದಿನ, ಹಿಂದಿನ ಹಗ್ಗ) ಕಟ್ಟಿ ಕಲ್ಲುಹಾಸಿನ ಲಾಯದಲ್ಲಿ ನಿಂತಿರುತ್ತದೆ. ಮೇವು: ಗೋಧಿ ಬೂಸಾ 2 ಕೆ.ಜಿ., ಬೇಯಿಸಿದ ಹುರುಳಿ (ಒಣ ತೂಕ 1.5 ಕೆ.ಜಿ.), ಹಸಿ ನೇಪಿಯರ್ ಸುಮಾರು 15 ಕೆ.ಜಿ., ರಾತ್ರಿಗೆ ಒಂದಿಷ್ಟು ಭತ್ತದ ಹುಲ್ಲು. ಜೊತೆಗೆ ಹಸುವಿಗೆ ಕೊಡುವ ಕ್ಯಾಲ್ಸಿಯಂ ಟಾನಿಕ್.

ತರಬೇತಿಯವರು ಹೇಳುವುದು: "ಹಾಲುಹಲ್ಲು ಬಿದ್ದ ಮೇಲೆ, ಎರಡೂವರೆ ವರ್ಷಕ್ಕೆ ಜೀನು ಹಾಕಿ ಹತ್ತಬಹುದು. ಅಲ್ಲಿವರೆಗೆ ಸುತ್ತು ಓಡಿಸಿದರೆ ಕಾಲು ಗಟ್ಟಿಯಾಗುತ್ತೆ." ಈ ಗಂಟು ಏನು? ಓಡಿಸುವುದನ್ನು ಪೂರ್ತಿ ನಿಲ್ಲಿಸಬೇಕೆ? ಸವಾರಿ ನಿಜಕ್ಕೂ ಯಾವಾಗ?

ಕೀಲುಗಂಟು:

ಮೊದಲು ಬೆರಳಿನಿಂದ ಒತ್ತಿ ನೋಡಿ. ಉಬ್ಬು ಮೂಳೆಯ ಹಾಗೆ ಗಟ್ಟಿಯೋ, ಅಥವಾ ಒಂದು ಬದಿ ಅದುಮಿದರೆ ಇನ್ನೊಂದು ಬದಿಗೆ ಸರಿಯುವ ನೀರುಚೀಲವೋ? ಎರಡಕ್ಕೂ ದಾರಿ ಬೇರೆ. ನೀವು ಹೇಳಿರುವ ಜಾಗ, ವಯಸ್ಸು, ಗಟ್ಟಿತನ, ಎರಡೂ ಕಾಲಲ್ಲಿ ಇರುವುದು, ಇಷ್ಟೂ ಕೂಡಿದರೆ ಮೊದಲ ಅನುಮಾನ ಫೈಸೈಟಿಸ್ ಮೇಲೆ. ಮುಂದೋಳಿನ ಮೂಳೆ, ಅಂದರೆ ರೇಡಿಯಸ್, ಉದ್ದಕ್ಕೆ ಬೆಳೆಯುವುದು ಬಹುಪಾಲು ಅದರ ಕೆಳತುದಿಯಲ್ಲಿರುವ ಮೃದ್ವಸ್ಥಿಯ (ಮೆತ್ತನೆಯ ಎಳೆಮೂಳೆಯ) ಪದರದಿಂದ. ಆ ಪದರಕ್ಕೆ ತಾಳಲಾರದಷ್ಟು ಒತ್ತಡ ಬಿದ್ದಾಗ, ಅಥವಾ ಅದು ಮೂಳೆಯಾಗಿ ಗಟ್ಟಿಗೊಳ್ಳಲು ಬೇಕಾದ ಖನಿಜ ಸಾಲದಾದಾಗ, ಅಂಚು ಊದಿ ಅಗಲವಾಗುತ್ತದೆ. ಭಾರ ಒಳಬದಿಗೆ ಹೆಚ್ಚು ಬೀಳುವುದರಿಂದ ಉಬ್ಬು ಕಾಣುವುದೂ ಒಳಬದಿಗೇ. ಇದೇ ತೊಂದರೆ 4ರಿಂದ 6 ತಿಂಗಳ ಮರಿಯಲ್ಲಾದರೆ ಫೆಟ್‌ಲಾಕ್‌ನ, ಅಂದರೆ ಗೊರಸಿಗೆ ತುಸು ಮೇಲಿರುವ ಕೀಲಿನ, ಮೇಲೆ ಬರುತ್ತದೆ, ಕಾಲು ಮರಳು ಗಡಿಯಾರದ ಆಕಾರಕ್ಕೆ ತಿರುಗುತ್ತದೆ. ಒಂದರಿಂದ ಎರಡು ವರ್ಷದ ನಡುವೆ ಮೊಣಕಾಲಿನ ಮೇಲೆ ಬರುವುದೇ ವಾಡಿಕೆ.

ನೀರುಚೀಲದಂಥ ಊತ, ಅದರಲ್ಲೂ ಹಿಂಗಾಲಿನ ಹಾಕ್ (ನಡುವಿನ ಕೀಲು) ಅಥವಾ ಸ್ಟೈಫಲ್ (ತೊಡೆಯ ಕೆಳಗಿನ ಕೀಲು) ಕೀಲಿನಲ್ಲಿ ಕಂಡರೆ ಅನುಮಾನ ಓಸಿಡಿ ಎಂಬ ಕೀಲಿನ ತೊಂದರೆಯ ಕಡೆಗೆ. ಅಲ್ಲಿ ಕೀಲಿನೊಳಗಿನ ಮೃದ್ವಸ್ಥಿಯ ಚೂರು ಸಡಿಲವಾಗಿರುತ್ತದೆ. ಕುಂಟು ಅಷ್ಟಾಗಿ ಕಾಣದೆ ಕೀಲು ತುಂಬಿಕೊಂಡಿರುವುದೇ ಇದರ ಗುರುತು. ಇದು ಮರಿಯ ಮೊದಲ ವರ್ಷದಲ್ಲೇ ನಿರ್ಧಾರವಾಗಿಬಿಡುತ್ತದೆ, ವಿಶ್ರಾಂತಿ ಕೊಟ್ಟರೆ ಎರಡನೇ ವರ್ಷದಲ್ಲಿ ಮಾಯುವುದಿಲ್ಲ. ಎಕ್ಸ್‌ರೇ, ಬೇಕಾದರೆ ಆರ್ತ್ರೋಸ್ಕೋಪಿ (ಕೀಲಿನೊಳಗೆ ಕ್ಯಾಮೆರಾ ಹಾಕಿ ಮಾಡುವ ಶಸ್ತ್ರಚಿಕಿತ್ಸೆ). ಮರಿ ಇದ್ದಕ್ಕಿದ್ದಂತೆ ಕಾಲು ಊರುವುದನ್ನೇ ಬಿಟ್ಟು, ಕೀಲು ಬಿಸಿಯಾಗಿ ಊದಿ, ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಇಲ್ಲಿ ಓದುತ್ತಾ ಕೂರಬೇಡಿ. ಅದು ಕೀಲಿನೊಳಗಿನ ಸೋಂಕು ಇರಬಹುದು, ಅಲ್ಲಿ ದಿನದ ಲೆಕ್ಕವಲ್ಲ, ಗಂಟೆಯ ಲೆಕ್ಕ.

ವೈದ್ಯರನ್ನು ಕರೆಸಿ ಎರಡೂ ಮೊಣಕಾಲಿನ ಎಕ್ಸ್‌ರೇ ತೆಗೆಸಿ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಕಡಿಮೆ ಉಬ್ಬಿರುವ ಬಲಗಾಲಿನದೂ ಬೇಕು, ಹೋಲಿಸಲು. ನೋವಿನ ಔಷಧಿ ಅಗತ್ಯವಿದ್ದರೆ ಅವರು ಬರೆದಷ್ಟೇ. ಬ್ಯೂಟ್‌ನಂಥ ಮಾತ್ರೆ ಎಳೆ ಕುದುರೆಯ ಹೊಟ್ಟೆಯಲ್ಲಿ ಬೇಗ ಹುಣ್ಣು ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ನೋವು ಮರೆಯಾಗಿ ಮರಿ ಮತ್ತೆ ಜೋರಾಗಿ ಓಡುತ್ತದೆ, ನೋಡುವವರಿಗೆ ವಾಸಿಯಾದಂತೆ ಕಾಣುತ್ತದೆ. ಕೀಲಿಗೆ ಸ್ಟೀರಾಯ್ಡ್ ಚುಚ್ಚಿ ಕೆಲಸ ಮುಂದುವರಿಸೋಣ ಎಂದು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ತೊಂದರೆ ಇರುವುದು ಕೀಲಿನಲ್ಲಲ್ಲ, ಅದರ ಮೇಲಿನ ಬೆಳವಣಿಗೆಯ ಪದರದಲ್ಲಿ.

ಹಲ್ಲಿನ ಮಾತಿಗೆ ಬರೋಣ. ಮುಂದಿನ ನಡುಹಲ್ಲು ಎರಡೂವರೆ ವರ್ಷಕ್ಕೆ ಬದಲಾಗುವುದು ನಿಜ. ಆದರೆ ಹಲ್ಲು ವಯಸ್ಸು ಹೇಳುತ್ತದೆ, ಮೂಳೆಯ ಗಟ್ಟಿತನ ಹೇಳುವುದಿಲ್ಲ. ಬೆಳವಣಿಗೆಯ ಪದರಗಳು ಕೆಳಗಿನಿಂದ ಮೇಲಕ್ಕೆ ಮುಚ್ಚುತ್ತಾ ಬರುತ್ತವೆ ಅಂತ ಸ್ಥೂಲವಾಗಿ ಇಟ್ಟುಕೊಳ್ಳಿ. ಗೊರಸಿನೊಳಗಿನ ಮೂಳೆಯದು ಹುಟ್ಟುವ ಹೊತ್ತಿಗೇ ಮುಗಿದಿರುತ್ತದೆ. ಪಾಸ್ಟರ್ನ್ (ಗೊರಸು ಮತ್ತು ಫೆಟ್‌ಲಾಕ್ ನಡುವಿನ) ಮತ್ತು ಕ್ಯಾನನ್ (ಫೆಟ್‌ಲಾಕ್ ಮತ್ತು ಮೊಣಕಾಲಿನ ನಡುವಿನ) ಮೂಳೆಯದು ಹೆಚ್ಚುಕಡಿಮೆ ಮೊದಲ ವರ್ಷದಲ್ಲಿ. ಮೊಣಕಾಲಿನ ಮೇಲಿನದು ಸಾಮಾನ್ಯವಾಗಿ 24ರಿಂದ 30 ತಿಂಗಳು, ಕೆಲವು ಕುದುರೆಗಳಲ್ಲಿ ಇನ್ನೂ ತಡ. ಸ್ಟೈಫಲ್ ಮತ್ತು ಭುಜದ ಸುತ್ತಲಿನವು ಮೂರು, ಮೂರೂವರೆ ವರ್ಷ. ಜೀನು ಕೂರುವ ಬೆನ್ನಿನ ಮಣಿಗಳದ್ದು ಎಲ್ಲಕ್ಕಿಂತ ಕೊನೆ, ಐದು ವರ್ಷ ದಾಟುತ್ತದೆ. "ನಮ್ಮ ದೇಸಿ ತಳಿ ಬೇಗ ಬಲಿಯುತ್ತೆ" ಎನ್ನುವುದನ್ನು ಈ ಲೆಕ್ಕಕ್ಕೆ ತರಬೇಡಿ, ತಳಿಯಿಂದ ತಳಿಗೆ ಇದರಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಮೇವುಲೆಕ್ಕ:

ಮೇಲಿನವರು ಖನಿಜದ ವಿಷಯವನ್ನು ಮುಟ್ಟಿ ಬಿಟ್ಟಿದ್ದಾರೆ. ಈ ಮರಿಯ ವಿಷಯದಲ್ಲಿ ಅರ್ಧ ಕಥೆ ಮೇವಿನಲ್ಲೇ ಇದೆ.

ತೂಕದಿಂದ ಶುರು ಮಾಡೋಣ. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. 152 × 152 × 138 ÷ 11,880 = ಸುಮಾರು 268 ಕೆ.ಜಿ. ಇದು ದೊಡ್ಡ ಕುದುರೆಯ ಸೂತ್ರ, ಬೆಳೆಯುವ ಮರಿಗೆ ತುಸು ಕಡಿಮೆ ತೋರಿಸುತ್ತದೆ. 280 ಎಂದು ಹಿಡಿಯಿರಿ. ಬೆಳೆದು 350 ಆಸುಪಾಸು ನಿಲ್ಲುವ ಮರಿಗೆ ಈ ವಯಸ್ಸಿನಲ್ಲಿ ದಿನಕ್ಕೆ ಸುಮಾರು 26 ಗ್ರಾಂ ಕ್ಯಾಲ್ಸಿಯಂ, 15 ಗ್ರಾಂ ರಂಜಕ (ಫಾಸ್ಫರಸ್) ಬೇಕು. ಒಂದಕ್ಕೊಂದು ಅನುಪಾತ 1.5:1ರಿಂದ 2:1 ಇದ್ದರೆ ಚೆನ್ನ. ಯಾವ ಕಾರಣಕ್ಕೂ ರಂಜಕ ಕ್ಯಾಲ್ಸಿಯಂ ಅನ್ನು ಮೀರಬಾರದು.

ಈಗ ನಿಮ್ಮ ಮೇವು. ಗೋಧಿ ಬೂಸಾದಲ್ಲಿ ಕ್ಯಾಲ್ಸಿಯಂ ಶೇ. 0.13ರಷ್ಟು, ರಂಜಕ ಶೇ. 1.1ರ ಮೇಲೆ. ಅಂದರೆ 2 ಕೆ.ಜಿ. ಬೂಸಾ ಒಂದೇ 22 ಗ್ರಾಂ ರಂಜಕ ತಂದು ಹಾಕುತ್ತದೆ, ಕ್ಯಾಲ್ಸಿಯಂ 3 ಗ್ರಾಂ ಕೂಡ ಇಲ್ಲ. ಹುರುಳಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಶೇ. 0.3ರ ಹತ್ತಿರ: 4 ಮತ್ತು 5 ಗ್ರಾಂ. ನೇಪಿಯರ್ 15 ಕೆ.ಜಿ.ಯಲ್ಲಿ ನೀರು ಕಳೆದರೆ ಉಳಿಯುವುದು 3 ಕೆ.ಜಿ., ಅದರಿಂದ ಸುಮಾರು 12 ಗ್ರಾಂ ಕ್ಯಾಲ್ಸಿಯಂ, 7 ಗ್ರಾಂ ರಂಜಕ. ಕೂಡಿಸಿ: ಕ್ಯಾಲ್ಸಿಯಂ 19, ರಂಜಕ 34. ಅನುಪಾತ ತಲೆಕೆಳಗು.

ಅದಕ್ಕಿಂತ ದೊಡ್ಡ ಕಳ್ಳ ನೇಪಿಯರ್. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟ್ ಅನ್ನು ಮುರಿಯಬಲ್ಲವು, ಹಾಗಾಗಿ ಅದೇ ಹುಲ್ಲು ತಿಂದ ಹಸುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕುದುರೆಗೆ ಆ ಅನುಕೂಲವಿಲ್ಲ: ಕ್ಯಾಲ್ಸಿಯಂ ಹೀರುವುದು ಸಣ್ಣಕರುಳಲ್ಲಿ, ಸೂಕ್ಷ್ಮಜೀವಿಗಳ ಕೆಲಸ ಅದರ ಆಚೆಯ ದೊಡ್ಡಕರುಳಲ್ಲಿ. ಭತ್ತದ ಹುಲ್ಲಿನಲ್ಲೂ, ಗಿನಿ ಹುಲ್ಲಿನಲ್ಲೂ ಇದೇ ಸಮಸ್ಯೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ನೋಡಿಕೊಳ್ಳಲು ದೇಹ ಮೂಳೆಯಿಂದ ಕರಗಿಸಿ ತೆಗೆಯುತ್ತದೆ. ತಿಂಗಳುಗಟ್ಟಲೆ ನಡೆದರೆ ಮುಖದ ಮೂಳೆ ಊದಿ "ದಪ್ಪತಲೆ" ರೋಗ ಬರುತ್ತದೆ. ಅಲ್ಲಿಗೆ ಮುಟ್ಟುವ ಎಷ್ಟೋ ಮೊದಲೇ ಜಾಗ ಬದಲಿಸುವ ಕುಂಟು, ಇವತ್ತು ಈ ಕಾಲು, ನಾಳೆ ಆ ಕಾಲು, ಶುರುವಾಗಿರುತ್ತದೆ.

ಮಾಡಬೇಕಾದ್ದು: ಬೂಸಾ ಪೂರ್ತಿ ನಿಲ್ಲಿಸಿ. ಲೂಸರ್ನ್‌ಗೆ ನಮ್ಮಲ್ಲಿ ಕುದುರೆ ಮಸಾಲೆ ಎಂದು ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ. ಅದರ ಒಣಹುಲ್ಲಿನಲ್ಲಿ ಕ್ಯಾಲ್ಸಿಯಂ ಶೇ. 1.3ರ ಸುತ್ತ, ರಂಜಕ ಶೇ. 0.2. ದಿನಕ್ಕೆ ಒಣ 1.5 ಕೆ.ಜಿ. ಸಾಕು, ಹಸಿಯಾದರೆ 6 ಕೆ.ಜಿ. ನೇಪಿಯರ್ ಬದಲು ರೋಡ್ಸ್ ಹುಲ್ಲು ಅಥವಾ ಓಟ್ಸ್ ಒಣಹುಲ್ಲು 3.5 ಕೆ.ಜಿ. ಹುರುಳಿ ಅರ್ಧ ಕೆ.ಜಿ., ಬೇಯಿಸಿಯೇ. ಓಟ್ಸ್ ಅರ್ಧ ಕೆ.ಜಿ. ಉಪ್ಪು 20 ಗ್ರಾಂ. ಕುದುರೆಗೆಂದೇ ತಯಾರಿಸಿದ ಖನಿಜ ಮಿಶ್ರಣ, ದಿನಕ್ಕೆ ತಾಮ್ರ ಸುಮಾರು 60 ಮಿ.ಗ್ರಾಂ, ಸತು 250 ಮಿ.ಗ್ರಾಂ ಸೇರುವಂತೆ. ಇಷ್ಟಕ್ಕೆ ಕ್ಯಾಲ್ಸಿಯಂ 33 ಗ್ರಾಂ ಹತ್ತಿರ, ರಂಜಕ 15ರ ಆಸುಪಾಸು ನಿಲ್ಲುತ್ತದೆ. ಬದಲಾವಣೆ ಒಂದೇ ದಿನದಲ್ಲಿ ಬೇಡ, 10ರಿಂದ 14 ದಿನ ಹಂಚಿ, ಇಲ್ಲವಾದರೆ ಹೊಟ್ಟೆಶೂಲೆ ಕಾದಿರುತ್ತದೆ. ನೇಪಿಯರ್ ಬಿಡಲು ಸಾಧ್ಯವೇ ಇಲ್ಲದವರು ಅದನ್ನು ಮೂರನೇ ಒಂದಕ್ಕೆ ಇಳಿಸಿ, 30 ಗ್ರಾಂ ಸುಣ್ಣಕಲ್ಲಿನ ಪುಡಿ, ಅಂದರೆ ಮೇವಿನ ದರ್ಜೆಯ ಕ್ಯಾಲ್ಸಿಯಂ ಕಾರ್ಬನೇಟ್, ಸೇರಿಸಿ. ಅದರಿಂದ 11 ಗ್ರಾಂ ಬರುತ್ತದೆ. ಎಲೆಅಡಿಕೆಯ ಸುಣ್ಣ ಬೇರೆ ವಸ್ತು, ಬಾಯಿ ಸುಡುತ್ತದೆ, ಅದನ್ನು ಹಾಕಬೇಡಿ.

ಟಾನಿಕ್ ಸೀಸೆಯ ಹಿಂದೆ ಓದಿ. ಇಂಥ ಬಹಳಷ್ಟು ಟಾನಿಕ್‌ಗಳಲ್ಲಿ ಕ್ಯಾಲ್ಸಿಯಂ ಜೊತೆ ರಂಜಕ ಮತ್ತು ವಿಟಮಿನ್ ಡಿ3 ಇರುತ್ತದೆ. ಬಿಸಿಲಲ್ಲಿ ನಿಲ್ಲುವ ಕುದುರೆಗೆ ಡಿ3 ಬೇಕಿಲ್ಲ, ಹೆಚ್ಚಾದರೆ ರಕ್ತನಾಳ ಮತ್ತು ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ. ಇನ್ನೊಂದು ಎಚ್ಚರ, ಇದು ಜೀವದ ಪ್ರಶ್ನೆ: ಮಿಕ್ಕಿದ ಕೋಳಿ ಆಹಾರ ಅಥವಾ ಹಸುವಿನ ಪೆಲೆಟ್ ಮರಿಗೆ ಹಾಕಬೇಡಿ. ಅವುಗಳಿಗೆ ಸೇರಿಸುವ ಮೊನೆನ್ಸಿನ್, ಸಾಲಿನೋಮೈಸಿನ್ ಎಂಬ ಔಷಧಿ ಬೆರೆತಿದ್ದರೆ ಅತಿ ಕಡಿಮೆ ಪ್ರಮಾಣಕ್ಕೇ ಕುದುರೆಯ ಹೃದಯ ಕೈಕೊಡುತ್ತದೆ.

ನೇರದಾರಿ:

ಸುತ್ತಿನ ಲೆಕ್ಕವನ್ನು ನಾನು ಹಾಕುತ್ತೇನೆ.

5 ಮೀಟರ್ ಹಗ್ಗ ಎಂದರೆ ಸುತ್ತಳತೆ 31 ಮೀಟರ್. ಟ್ರಾಟ್‌ನ ವೇಗ ಗಂಟೆಗೆ 12 ಕಿ.ಮೀ. ಇಟ್ಟುಕೊಂಡರೆ 30 ನಿಮಿಷದಲ್ಲಿ 6 ಕಿ.ಮೀ., ಹತ್ತಿರ ಹತ್ತಿರ 190 ಸುತ್ತು. ಪ್ರತಿ ಸುತ್ತಲ್ಲೂ ಮರಿ ಒಳಕ್ಕೆ ವಾಲಲೇಬೇಕು. ಆ ವೇಗಕ್ಕೆ ಆ ಸುತ್ತಿನಲ್ಲಿ ವಾಲುವ ಕೋನ ಸುಮಾರು 13 ಡಿಗ್ರಿ. ಸೆಕೆಂಡಿಗೆ 5 ಮೀಟರ್‌ನ ಕ್ಯಾಂಟರ್‌ಗೆ ಏರಿದರೆ 27 ಡಿಗ್ರಿ. ಹಗ್ಗವನ್ನು 10 ಮೀಟರ್ ಮಾಡಿದರೆ ಇವೇ ಅಂಕಿ 6 ಮತ್ತು 14ಕ್ಕೆ ಇಳಿಯುತ್ತವೆ. ಕುದುರೆಯ ಮೊಣಕಾಲು, ಫೆಟ್‌ಲಾಕ್ ಎರಡೂ ಬಾಗಿಲಿನ ಕೀಲಿನ ಹಾಗೆ, ಹಿಂದಕ್ಕೂ ಮುಂದಕ್ಕೂ ಮಡಚುತ್ತವೆ, ಪಕ್ಕಕ್ಕೆ ಅಲ್ಲ. ವಾಲಿದಾಗ ಬೀಳುವ ಪಕ್ಕದ ಭಾರ, ತಿರುಚು, ಎರಡನ್ನೂ ಹೊರುವುದು ಕೀಲಿನ ಒಂದು ಬದಿಯ ಮೃದ್ವಸ್ಥಿ ಮತ್ತು ಅದರ ಮೇಲಿನ, ಇನ್ನೂ ತೆರೆದಿರುವ, ಬೆಳವಣಿಗೆಯ ಪದರ. ಎಡಕ್ಕೆ ತಿರುಗುವಾಗ ಹೆಜ್ಜೆ ಮೊಟಕಾಗುವುದು ಸುಮ್ಮನೆ ಅಲ್ಲ: ಆಗ ಒಳಗಿರುವುದು ಎಡಗಾಲು, ದೊಡ್ಡ ಗಂಟು ಇರುವುದೂ ಎಡಗಾಲಿಗೇ.

ಹಾಗಾಗಿ ಸುತ್ತು ಓಡಿಸುವುದು ಇವತ್ತೇ ನಿಲ್ಲಲಿ. ಆದರೆ ಚಲನೆ ನಿಲ್ಲಬಾರದು. ಇವೆರಡನ್ನು ಒಂದೇ ಎಂದುಕೊಳ್ಳುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಮೂಳೆ ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಬೆಳೆಯುತ್ತದೆ. ಅದಕ್ಕೆ ಬೇಕಿರುವುದು ದಿನಕ್ಕೆ ಕೆಲವೇ ಕೆಲವು ಗಟ್ಟಿ ಹೆಜ್ಜೆ. ಮೂವತ್ತೋ ನಲವತ್ತೋ ಹೆಜ್ಜೆಯ ನಾಗಾಲೋಟ ಮೂಳೆಗೆ ಹೇಳಬೇಕಾದ್ದನ್ನು ಹೇಳಿ ಮುಗಿಸಿರುತ್ತದೆ. ಆಮೇಲಿನ ಎರಡು ಸಾವಿರ ಹೆಜ್ಜೆ ಬರೀ ಸವೆತ. ಬಯಲಿನಲ್ಲಿ ಬಿಟ್ಟ ಮರಿಗಳನ್ನು ನೋಡಿ: ಬಹಳ ಹೊತ್ತು ಮೇಯುತ್ತಾ ನಡೆಯುತ್ತವೆ, ಇದ್ದಕ್ಕಿದ್ದಂತೆ ನೆಗೆದು ಓಡಿ, ನಿಂತು, ಮತ್ತೆ ಮೇಯುತ್ತವೆ. ಕುಣಿಗಲ್‌ನಂಥ ಸ್ಟಡ್ ಫಾರ್ಮ್‌ಗಳಲ್ಲಿ ಮರಿಗಳಿಗೆ ಅಷ್ಟಗಲದ ಪ್ಯಾಡಕ್ ಬಿಟ್ಟಿರುವುದು ಅಂದಕ್ಕಲ್ಲ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಮರಿಗಳನ್ನು ಮೂರು ಗುಂಪು ಮಾಡಿ ನೋಡಿದ್ದರು: ಬರೀ ಲಾಯದಲ್ಲಿ ಇಟ್ಟವು, ಲಾಯದಲ್ಲಿಟ್ಟು ದಿನಾ ಓಡಿಸಿದವು, ಹುಲ್ಲುಗಾವಲಿಗೆ ಬಿಟ್ಟವು. ಹುಲ್ಲುಗಾವಲಿನವೇ ಗೆದ್ದವು. ಕೂಡಿಹಾಕಿ, ಆಗಾಗ ಹೊರಗೆಳೆದು ಓಡಿಸಿದವುಗಳ ಮೃದ್ವಸ್ಥಿಯಲ್ಲಿ ಮುಂದೆಯೂ ಕೊರತೆ ಕಂಡಿತು. ನಿಮ್ಮ ಮರಿಯ ದಿನಚರಿ ಸರಿಯಾಗಿ ಆ ಎರಡನೇ ಗುಂಪಿನದು: 23 ಗಂಟೆಗೂ ಮಿಕ್ಕಿ ಕಟ್ಟು, ಅರ್ಧ ಗಂಟೆ ಗಾಣ.

ಅಗಾಡಿ-ಪಿಛಾಡಿ ಬಿಚ್ಚಿ. ಉಬ್ಬಿನ ಬಿಸಿ ಇಳಿಯುವವರೆಗೆ, ಎರಡು ಮೂರು ವಾರ, ಮೊದಲು 15 × 15 ಮೀಟರಿನ ಸಮತಟ್ಟಾದ ಅಂಗಳ. ಜೊತೆಗೆ ಶಾಂತ ಸ್ವಭಾವದ ಒಂದು ದೊಡ್ಡ ಕುದುರೆ ಅಥವಾ ಕತ್ತೆ. ಒಂಟಿಯಾಗಿ ಬಿಟ್ಟರೆ ಬೇಲಿಯುದ್ದಕ್ಕೂ ಓಡಿ ಗಕ್ಕನೆ ತಿರುಗುತ್ತಿರುತ್ತದೆ, ಅದು ಹಗ್ಗದ ಸುತ್ತಿಗಿಂತ ಕೆಟ್ಟದ್ದು. ಬೆಳಿಗ್ಗೆ ಸಂಜೆ ಕೈಹಗ್ಗದಲ್ಲಿ 10 ನಿಮಿಷ ನೇರ ನಡಿಗೆ.

ಹಳೆಹಾದಿ:

ಇಷ್ಟೆಲ್ಲ ಯಾಕೆ? ನಾಲ್ಕು ವರ್ಷ ತುಂಬುವವರೆಗೆ ಬಯಲಿಗೆ ಬಿಟ್ಟು ಮುಟ್ಟದೇ ಇದ್ದರೆ ಕೀಲು ತಾನೇ ಸರಿ ಇರುತ್ತದೆ. ರೇಸಿನವರು ಎರಡು ವರ್ಷಕ್ಕೇ ಓಡಿಸಿ ಕಾಲು ಮುರಿಯುತ್ತಾರೆ, ಅವರ ವಿಜ್ಞಾನ ನಮಗೆ ಬೇಡ.

ನೇರದಾರಿ:

ಬಯಲು ಸಾಕಷ್ಟಿದ್ದರೆ ನಿಮ್ಮ ಮಾತಿನಲ್ಲಿ ಮುಕ್ಕಾಲು ಪಾಲು ಸರಿ. ಕಾಲು ಎಕರೆಯಲ್ಲಿ ಒಂಟಿಯಾಗಿ ನಿಂತ ಮರಿಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ಅದು ಓಡುವುದೇ ಇಲ್ಲ. ಮೃದ್ವಸ್ಥಿಗೆ ರಕ್ತನಾಳವಿಲ್ಲ. ಅದಕ್ಕೆ ಪೋಷಣೆ ಸಿಗುವುದು ಕೀಲುದ್ರವವನ್ನು ಸ್ಪಂಜಿನಂತೆ ಹೀರಿ ಹಿಂಡುವುದರಿಂದ, ಅಂದರೆ ನಡೆದರೆ ಮಾತ್ರ. ಅದರ ಒಳಹೆಣಿಗೆ, ಕೊಲಾಜೆನ್ ಎಳೆಗಳ ಜೋಡಣೆ, ಗಟ್ಟಿಗೊಳ್ಳುವುದು ಮೊದಲ ಒಂದೂವರೆ ವರ್ಷದಲ್ಲೇ. ಆಮೇಲೆ ಅದು ಹೆಚ್ಚು ಬದಲಾಗುವುದಿಲ್ಲ. ಆ ಅವಧಿಯನ್ನು ಕಟ್ಟಿಹಾಕಿ ಕಳೆದು, ನಾಲ್ಕಕ್ಕೆ ಒಮ್ಮೆಲೇ ಸವಾರಿ ಹಾಕಿದರೆ ನಾಲ್ಕು ವರ್ಷದ ಕುದುರೆಯೂ ಕುಂಟುತ್ತದೆ.

ರೇಸಿನ ಬಗ್ಗೆ: ಎರಡು ವರ್ಷಕ್ಕೇ ಓಡಿದ ಥರೋಬ್ರೆಡ್ (ರೇಸಿನ ತಳಿಯ) ಕುದುರೆಗಳು ಹೆಚ್ಚು ಕಾಲ ಓಡುತ್ತವೆ ಎಂದು ತೋರಿಸುವ ಅಧ್ಯಯನಗಳಿವೆ. ಅದನ್ನು ಎತ್ತಿಹಿಡಿದು "ಬೇಗ ಶುರು ಮಾಡಿ" ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಎರಡಕ್ಕೆ ಓಡುವುದು ಮೊದಲೇ ಗಟ್ಟಿಯಿದ್ದ ಮರಿ, ಹಾಗಾಗಿ ಲೆಕ್ಕ ಅದರ ಕಡೆಗೇ ವಾಲಿರುತ್ತದೆ. ಆದರೆ ರೇಸಿನಿಂದ ಕಲಿಯಲು ಒಂದು ವಿಷಯ ಇದೆ. ಎರಡು ವರ್ಷದ ಮರಿಗಳ ಕ್ಯಾನನ್ ಮೂಳೆಯ ಮುಂಭಾಗ ನೊಂದು ಊದುವ "ಶಿನ್" ತೊಂದರೆ ಬರುವುದು ಬಹಳ ಓಡಿಸಿದ್ದರಿಂದ ಅಷ್ಟೇ ಅಲ್ಲ. ನಿಧಾನದ ಉದ್ದ ಓಟಕ್ಕೆ ಒಂದು ಥರ ಬೆಳೆದ ಮೂಳೆಯ ಮೇಲೆ ಒಮ್ಮೆಗೇ ವೇಗದ ಭಾರ ಹಾಕಿದ್ದರಿಂದ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ನುನಾಮೇಕರ್ ಅವರ ತಂಡ ತೋರಿಸಿದ್ದು ಇದನ್ನೇ: ಉದ್ದದ ಓಟ ಕಡಿಮೆ ಮಾಡಿ, ಮೊದಲಿನಿಂದಲೇ ವಾರಕ್ಕೆ ಒಂದೆರಡು ಸಲ ತುಂಬಾ ಚಿಕ್ಕ, ನೇರ, ವೇಗದ ಓಟ ಸೇರಿಸಿದರೆ ಶಿನ್ ತೊಂದರೆ ಇಳಿಯುತ್ತದೆ.

ಲಾಳದಂಗಡಿ:

ನೋಡ್ರಿ, ಗೊರಸು ಬಿಟ್ಟು ಮೊಣಕಾಲಿನ ಮಾತು ಆಡಾಕ ಬರಂಗಿಲ್ಲ. ಮರಿಯನ್ನ ಸಮ ನೆಲದ ಮ್ಯಾಲ ನಿಲ್ಲಿಸಿ ಎದುರಿನಿಂದ ನೋಡ್ರಿ. ಗೊರಸಿನ ಒಳಗೋಡಿ ಹೊರಗೋಡಿ ಎತ್ತರ ಒಂದ ಸಮ ಐತೇನು? ಒಂದು ಬದಿ ನಾಕು ಮಿ.ಮೀ. ಹೆಚ್ಚು ಉಳದ್ರೂ ಪ್ರತಿ ಹೆಜ್ಜಿಗೂ ಆ ಬದಿ ಮೊದಲು ನೆಲಕ್ಕ ಬಡೀತೈತಿ, ಮ್ಯಾಲಿನ ಪದರಕ್ಕ ಭಾರ ಓರೆಯಾಗಿ ಹೋಗತೈತಿ. ಮುಂದಿನ ತುದಿ ಉದ್ದ ಬಿಟ್ರ ಕಾಲು ಎತ್ತೂ ಹೊತ್ತಿಗೆ ತಡ ಆಗಿ ಮೊಣಕಾಲಿಗೂ ನರಕ್ಕೂ (ಸ್ನಾಯುವನ್ನ ಎಲುಬಿಗೆ ಬಿಗಿಯೂ ಹುರಿಗೆ) ಜಗ್ಗತೈತಿ. 4ರಿಂದ 6 ವಾರಕ್ಕೊಮ್ಮೆ ಕತ್ತರಿಸಿ ಅರ ಹಾಕ್ಸ್ರಿ, ಸ್ವಲ್ಪ ಸ್ವಲ್ಪ. ಮೂರು ತಿಂಗಳು ಬಿಟ್ಟು ಒಮ್ಮೆಲೇ ಕೆತ್ತೂದು ಮರಿಗೆ ನಡಿಯಂಗಿಲ್ಲ.

ಇನ್ನೊಂದು. ಕಾಲು ಸೊಟ್ಟ ಐತಿ ಅಂತ ಗೊರಸು ಒಂದ ಬದಿ ಹೆಚ್ಚು ಕೆತ್ತಿ "ನೆಟ್ಟಗ ಮಾಡತೇನಿ" ಅನ್ನಾವ್ರು ಇರತಾರ. ಫೆಟ್‌ಲಾಕ್ ಸೊಟ್ಟ ತಿದ್ದೂ ಕಾಲ ಹುಟ್ಟಿದ ಮೊದಲ ಮೂರು ತಿಂಗಳಿಗೇ ಮುಗದಿರತೈತಿ. 20 ತಿಂಗಳಿಗೆ ಹಂಗ ಕೆತ್ತಿದ್ರ ಎಲುಬು ತಿರುಗಂಗಿಲ್ಲ, ಕೀಲು ತಿರುಚತೈತಿ. ಈಗ ಇರೂ ಆಕಾರಕ್ಕ ಸಮ ಮಾಡ್ರಿ, ಅಷ್ಟ ಸಾಕು.

ಲಾಳ ಈಗ ಬ್ಯಾಡ್ರಿ. ಬರೀ ಗೊರಸು ನೆಲಕ್ಕ ಬಿದ್ದಾಗ ಹಿಮ್ಮಡಿ ಅಗಲ ಆಗಿ ಪೆಟ್ಟು ನುಂಗತೈತಿ. ಕಬ್ಬಿಣ ಹೊಡದ್ರ ಆ ಪೆಟ್ಟು ಮ್ಯಾಲಕ್ಕ ಹೋಗತೈತಿ. ಡಾಂಬರ ಮ್ಯಾಲ ನಡಸ್ಬಹುದು, ಟ್ರಾಟ್ ಬ್ಯಾಡ. ಜಾತ್ರಿ ಗಾಡಿ ಓಟಕ್ಕಂತ ಎರಡು ವರ್ಷದ ಮರಿನ್ನ ಡಾಂಬರದ ಮ್ಯಾಲ ಹೂಡಿ ಓಡಸ್ತಾರಲ್ಲ, ಕ್ಯಾನನ್ ಎಲುಬಿನ ಒಳಬದಿಗೆ ಸ್ಪ್ಲಿಂಟ್ ಗಂಟು ಬರೂದು ಅಲ್ಲಿಂದನ. ಹಂಗಂತ ಆಳ ಉಸುಕಿನ್ಯಾಗ ಓಡಸ್ಬ್ಯಾಡ್ರಿ, ಕೀಲು ಉಳಿದ್ರ ನರ ಹೋಗತಾವ. ಗೊರಸು ಎರಡು ಮೂರು ಸೆಂ.ಮೀ. ಇಳಿಯೂ ನೆಲ ಹದವಾದದ್ದು. ನಿಮ್ಮ ಕಡೆ ಕೆಂಪುಮಣ್ಣು ಬ್ಯಾಸಿಗ್ಯಾಗ ಸಿಮೆಂಟ್ ಆಗತೈತಿ, ಹಿಂದಿನ ಸಂಜೀಕ ನೀರು ಹೊಡದು ಮ್ಯಾಲಿಂದು ಕೆದರಿ ಬಿಡ್ರಿ. ಲಾಯದ ಕಲ್ಲಿನ ಮ್ಯಾಲ ರಬ್ಬರ್ ಹಾಸು, ಅದರ ಮ್ಯಾಲ ಮರದ ಹೊಟ್ಟು ಒಂದು ಗೇಣಿನ ಹತ್ರ. ಮರಿ ಮಲಗಬೇಕ್ರಿ. ಕಲ್ಲಿನ ಮ್ಯಾಲ ಅದು ಮಲಗೂದ ಕಡಿಮಿ, ನಿಂತ ನಿಂತ ಕಾಲು ಹಾಳಾಗತಾವ.

ಕೆರೆಏರಿ:

ಉಬ್ಬು ಗಟ್ಟಿಯೇ, ನೀರಿಲ್ಲ. ಹಾಕ್ ಮತ್ತು ಸ್ಟೈಫಲ್ ಎರಡೂ ಬದಿ ಒಂದೇ ಸಮ, ಊತವಿಲ್ಲ. ಮೈಬಿಸಿ 37.9 ಡಿಗ್ರಿ, ಅಂದರೆ ಜ್ವರವಿಲ್ಲ. ಎಕ್ಸ್‌ರೇಗೆ ಹೇಳಿದ್ದಾಗಿದೆ. ಬಿಸಿ ಇಳಿದ ಮೇಲೆ ಮುಂದಿನ ಒಂದೂವರೆ ವರ್ಷ ಏನು ಮಾಡಬೇಕು ಎನ್ನುವುದನ್ನು ಹಂತ ಹಂತವಾಗಿ ಯಾರಾದರೂ ಬರೆದರೆ ಉಪಕಾರ. ಗ್ಲುಕೋಸಮಿನ್ ಪುಡಿ ಕೊಡಬಹುದೇ?

ನೇರದಾರಿ:

ಗ್ಲುಕೋಸಮಿನ್ ಬಾಯಿಂದ ಕೊಟ್ಟರೆ ಕುದುರೆಯ ಕೀಲಿಗೆ ಎಷ್ಟು ತಲುಪುತ್ತದೆ ಎನ್ನುವುದಕ್ಕೆ ಆಧಾರ ತೀರಾ ತೆಳು. ಆ ದುಡ್ಡಿಗೆ ಲೂಸರ್ನ್ ತನ್ನಿ.

ಪ್ರತಿ ಭಾನುವಾರ ಮೂರು ಅಳತೆ ಬರೆದಿಡಿ: ಎಡ ಮತ್ತು ಬಲ ಉಬ್ಬಿನ ಸುತ್ತಳತೆ, ಎದೆಸುತ್ತು. ಬೆಳಿಗ್ಗೆ ಕೆಲಸಕ್ಕೆ ಮೊದಲು ಅಂಗೈಯ ಹಿಂಬದಿಯಿಂದ ಎರಡೂ ಕಾಲು ಮುಟ್ಟಿ ಬಿಸಿ ಹೋಲಿಸಿ. ತೂಕ ತಿಂಗಳಿಂದ ತಿಂಗಳಿಗೆ ನಿಧಾನವಾಗಿ ಏರಿದರೆ ಸರಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ವಾರಕ್ಕೊಮ್ಮೆ ಗಟ್ಟಿ ನೆಲದಲ್ಲಿ 25 ಮೀಟರ್ ನೇರ ಟ್ರಾಟ್ ಮಾಡಿಸಿ, ಹಗ್ಗ ಸಡಿಲ ಬಿಟ್ಟು. ನೊಂದ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೆ ಏಳುತ್ತದೆ, ಚೆನ್ನಾಗಿರುವ ಕಾಲಿಗೆ ಕೆಳಗೆ ಇಳಿಯುತ್ತದೆ. ಇದನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಹಿಡಿದರೆ ಹೊಸಬರಿಗೂ ಗೊತ್ತಾಗುತ್ತದೆ.

ಬಿಸಿ ಹೋಗಿ, ಒತ್ತಿದರೆ ನೋವಿಲ್ಲ ಎಂದಾದ ಮೇಲೆ ದೊಡ್ಡ ಅಂಗಳ, ಸಾಧ್ಯವಾದರೆ ಅರ್ಧ ಎಕರೆ ಮೇಲ್ಪಟ್ಟು, ಹಗಲು ರಾತ್ರಿ ಜೊತೆಗಾರನ ಸಂಗಡ. ಉಬ್ಬಿನ ಆಕಾರ ಪೂರ್ತಿ ಹೋಗಲು ತಿಂಗಳುಗಳೇ ಬೇಕು, ಅದಕ್ಕಾಗಿ ಕಾಯಬೇಡಿ, ಬಿಸಿ ಮತ್ತು ನೋವೇ ಅಳತೆಗೋಲು. 24 ತಿಂಗಳವರೆಗೆ ಕೈಹಗ್ಗದ ನಡಿಗೆ ದಿನಕ್ಕೆ 20 ನಿಮಿಷ, ತೋಟದ ದಾರಿ, ಇಳಿಜಾರು, ನೆಲಕ್ಕೆ ಹಾಸಿದ ಮರದ ಕೋಲುಗಳ ಮೇಲೆ 80 ಸೆಂ.ಮೀ. ಅಂತರದಲ್ಲಿ ಹೆಜ್ಜೆ. ಗೊರಸು ಎತ್ತಿ ಕೊಡುವುದು, ಟ್ರಕ್ ಹತ್ತುವುದು, ನಿಲ್ಲು ಎಂದರೆ ನಿಲ್ಲುವುದು, ಇವನ್ನೆಲ್ಲ ಈಗಲೇ ಕಲಿಸಬಹುದು. ಇದಕ್ಕೆ ಕೀಲು ಖರ್ಚಾಗುವುದಿಲ್ಲ.

24ರಿಂದ 30 ತಿಂಗಳು: ಜೀನಿನ ಬದಲು ಎದೆಸುತ್ತಿಗೆ ಪಟ್ಟಿ ಕಟ್ಟಿ, ಹಿಂದಿನಿಂದ ಎರಡು ಉದ್ದ ಲಗಾಮಿನಲ್ಲಿ ನಡೆಸುವುದು, 15ರಿಂದ 20 ನಿಮಿಷ, ವಾರಕ್ಕೆ ಮೂರು ದಿನ. ತಿರುವೆಲ್ಲ ಅಗಲವಾಗಿರಲಿ. ಸುತ್ತು ಬೇಕೇ ಬೇಕೆಂದರೆ 10 ಮೀಟರ್ ಹಗ್ಗ, ಒಟ್ಟು 8 ನಿಮಿಷ, ಎರಡು ನಿಮಿಷಕ್ಕೊಮ್ಮೆ ದಿಕ್ಕು ಬದಲು, ವಾರಕ್ಕೆ ಒಂದೇ ಸಲ, ಮಾತು ಕೇಳುವುದನ್ನು ಕಲಿಸಲಿಕ್ಕೆ ಮಾತ್ರ. ದಣಿಸಿ ಪಳಗಿಸುವ ಉಪಾಯವಾಗಿ ಅಲ್ಲ. ದಣಿದ ಸ್ನಾಯು ಕೀಲನ್ನು ಕಾಯುವುದಿಲ್ಲ.

30 ತಿಂಗಳ ಮೇಲೆ ಮತ್ತೊಂದು ಎಕ್ಸ್‌ರೇ. ರೇಡಿಯಸ್‌ನ ಪದರ ಮುಚ್ಚಿದ್ದರೆ ಖಾಲಿ ಜೀನು, ಮೂರು ವರ್ಷದ ಹತ್ತಿರ ಸವಾರ. ತೂಕ 330 ಕೆ.ಜಿ. ಆದಾಗ ಶೇ. 15 ಎಂದರೆ 49 ಕೆ.ಜಿ., ಜೀನು ಸೇರಿ. 7 ಕೆ.ಜಿ. ಜೀನಾದರೆ ಸವಾರ 42ಕ್ಕೆ ಮೀರಬಾರದು. ಅಷ್ಟು ಹಗುರ, ಅದೂ ಸಮತೋಲ ಬಲ್ಲ ಸವಾರ ಸಿಗದಿದ್ದರೆ ನಾಲ್ಕರವರೆಗೆ ಕಾಯಿರಿ, ನಷ್ಟವಿಲ್ಲ. ಮೊದಲ ತಿಂಗಳು ನಡಿಗೆ ಮಾತ್ರ, 10 ನಿಮಿಷ, ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಎರಡನೇ ತಿಂಗಳು ಎರಡೆರಡು ನಿಮಿಷದ ಟ್ರಾಟ್ ಮೂರು ಸಲ. ಕೆಲಸ ಶುರುವಾದ ಮೊದಲ ಎರಡು ತಿಂಗಳಲ್ಲಿ ಮೂಳೆ ಹಳೆಯದನ್ನು ಕಿತ್ತು ಹೊಸದನ್ನು ತುಂಬುತ್ತಿರುತ್ತದೆ. ಕೀಳುವುದು ಬೇಗ, ತುಂಬುವುದು ನಿಧಾನ, ಹಾಗಾಗಿ ಮರಿ ಹುರುಪಿನಿಂದ ಕುಣಿಯುವ ಆ ಹೊತ್ತಿಗೇ ಮೂಳೆ ಅತಿ ಬಡವಾಗಿರುತ್ತದೆ. ಕ್ಯಾಂಟರ್ ನಾಲ್ಕನೇ ತಿಂಗಳಿಗೆ, ನೇರ ದಾರಿಯಲ್ಲಿ, 100 ಮೀಟರಿನಿಂದ ಶುರು. ಒಂದು ವಾರದಲ್ಲಿ ಹೊತ್ತು ಹೆಚ್ಚಿಸಿ, ಇಲ್ಲವೇ ವೇಗ ಹೆಚ್ಚಿಸಿ. ಎರಡೂ ಒಟ್ಟಿಗೆ ಬೇಡ. ಜಿಗಿತ ನಾಲ್ಕು ವರ್ಷದ ಆಚೆ.

ಜೀನನ್ನು ಆರು ವಾರಕ್ಕೊಮ್ಮೆ ಬರಿ ಬೆನ್ನಿನ ಮೇಲೆ ಇಟ್ಟು ನೋಡುತ್ತಿರಿ. ಈ ವಯಸ್ಸಿನಲ್ಲಿ ಹಿಂಭಾಗ ಮೊದಲು ಎತ್ತರವಾಗುತ್ತದೆ, ಜೀನು ಮುಂದಕ್ಕೆ ಜಾರಿ ಭುಜ ಒತ್ತುತ್ತದೆ. ಆಗ ಮುಂಗಾಲಿನ ಹೆಜ್ಜೆ ಮೊಟಕಾಗುವುದನ್ನು ಹಳೆಯ ಗಂಟು ಮರುಕಳಿಸಿತು ಎಂದುಕೊಂಡು ಎಕ್ಸ್‌ರೇಗೆ ಓಡುವ ಮೊದಲು, ಜೀನು ತೆಗೆದು ಮತ್ತೆ 25 ಮೀಟರ್ ಟ್ರಾಟ್ ಮಾಡಿಸಿ ನೋಡಿ.